ಒಂದೇ ಕ್ಲಾಸು, ಬೇರೆ ಬೇರೆ ಶಾಲೆ

ಹಳೆಯ ಸಹಪಾಠಿಗಳ ಸಮ್ಮಿಲನ ಹೇಗಾಯಿತೆಂದು ತಿಳಿಯಲು ಅವತ್ತಿನ ಫೋಟೊ ನೋಡಿದರೆ ಸಾಲದು. ಆಮೇಲಿನ ಒಂದು ತಿಂಗಳು ಆ ಬ್ಯಾಚಿನ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಏನು ನಡೆಯುತ್ತದೆ ಎಂದು ನೋಡಬೇಕು. ಸಮ್ಮಿಲನಕ್ಕೆ ಮುಂಚೆ ಅಲ್ಲಿ ರಾತ್ರಿ ಹನ್ನೆರಡಾದರೂ ಮಾತು ನಿಲ್ಲುತ್ತಿರಲಿಲ್ಲ. ಯಾರ ನಂಬರ್ ಸಿಕ್ಕಿತು, ಯಾರದ್ದು ಇನ್ನೂ ಸಿಕ್ಕಿಲ್ಲ, ಪಿ.ಟಿ. ಮೇಷ್ಟ್ರು ಈಗ ಎಲ್ಲಿದ್ದಾರೆ, ಸೀರೆ ಯಾವ ಬಣ್ಣ, ಅಡುಗೆ ಯಾರದು. ಮುಗಿದ ಮರುದಿನ ನೂರಾರು ಫೋಟೊ. ಮೂರನೇ ದಿನ ಲೆಕ್ಕ: ಇಷ್ಟು ಬಂತು, ಇಷ್ಟು ಖರ್ಚಾಯಿತು, ಇಷ್ಟು ಉಳಿಯಿತು. ಅಲ್ಲಿಂದಾಚೆ ಸದ್ದು ಮೆಲ್ಲಗೆ ಅಡಗುತ್ತದೆ. ಹುಟ್ಟುಹಬ್ಬದ ಹಾರೈಕೆ, ಶುಭೋದಯದ ಚಿತ್ರ, ಯಾವುದೋ ರಾಜಕೀಯದ ಫಾರ್ವರ್ಡ್, ಅದರ ಮೇಲೊಂದು ಜಗಳ, ಒಬ್ಬಿಬ್ಬರು ಗ್ರೂಪ್ ಬಿಟ್ಟುಹೋದ ಸೂಚನೆ. ಇಪ್ಪತ್ತೈದೋ ಮೂವತ್ತೋ ವರ್ಷ ಕಾದು ಸೇರಿದವರು ಮೂರು ವಾರದಲ್ಲಿ ಮತ್ತೆ ಚದುರಿರುತ್ತಾರೆ.

ಆ ದಿನ ಹೋಗಿ ಬಂದವರನ್ನು ಒಬ್ಬೊಬ್ಬರನ್ನಾಗಿ ಮಾತಿಗೆಳೆದರೆ ಗ್ರೂಪಿನಲ್ಲಿ ಯಾರೂ ಬರೆಯದ ಸಂಗತಿ ಹೊರಬರುತ್ತದೆ. ಚೆನ್ನಾಗಿತ್ತು ಎಂದೇ ಎಲ್ಲರೂ ಶುರು ಮಾಡುತ್ತಾರೆ. ಸ್ವಲ್ಪ ಹೊತ್ತಾದ ಮೇಲೆ, ಯಾಕೋ ಮನೆಗೆ ಬಂದ ಮೇಲೆ ಬೇಜಾರಾಯಿತು ಎನ್ನುತ್ತಾರೆ. ಯಾರ ಜೊತೆ ಮಾತಾಡಬೇಕೆಂದು ಹೋಗಿದ್ದೆನೋ ಅವನ ಜೊತೆ ಎರಡು ನಿಮಿಷವೂ ಸಿಗಲಿಲ್ಲ ಎಂಬುದು ಒಬ್ಬರ ಕೊರಗು. ಅವಳು ನನ್ನನ್ನು ಗುರುತಿಸಿದಳು, ಆದರೆ ನನ್ನ ಬಗ್ಗೆ ಅವಳಿಗೆ ನೆನಪಿದ್ದದ್ದು ನಾನು ಗಣಿತದಲ್ಲಿ ಫೇಲಾಗಿದ್ದು ಮಾತ್ರ ಎಂಬುದು ಇನ್ನೊಬ್ಬರದು. ಈ ಬೇಸರವನ್ನು ಕಾಲದ ಮೇಲೆ, ವಯಸ್ಸಿನ ಮೇಲೆ ಹೊರಿಸಿ ಸುಮ್ಮನಾಗುವುದು ಸುಲಭ. ಆದರೆ ಅದರ ಬೇರು ಇರುವುದು ಶಾಲೆಯಲ್ಲಿ, ಮತ್ತು ಆ ಒಂದು ದಿನವನ್ನು ನಾವು ಕಟ್ಟುವ ರೀತಿಯಲ್ಲಿ.

ಎಸ್ಸೆಸ್ಸೆಲ್ಸಿ ಬ್ಯಾಚುಗಳ ಸಮ್ಮಿಲನ ಕರ್ನಾಟಕದ ತಾಲ್ಲೂಕು, ಹೋಬಳಿಗಳವರೆಗೆ ಇಳಿದದ್ದು ಇತ್ತೀಚೆಗೆ. ಹಿಂದೆ ಹಳೆ ವಿದ್ಯಾರ್ಥಿಗಳ ಸಂಘ ಎಂದರೆ ದೊಡ್ಡ ಕಾಲೇಜುಗಳದು, ಹೆಸರಾಂತ ವಸತಿ ಶಾಲೆಗಳದು. 2016ರಲ್ಲಿ ಎರಡು ಸಂಗತಿ ಕೂಡಿಬಂದವು. ವಾಟ್ಸ್‌ಆ್ಯಪ್ ಒಂದು ಗ್ರೂಪಿಗೆ 256 ಜನರನ್ನು ಸೇರಿಸಲು ಬಿಟ್ಟಿತು, ಸೆಪ್ಟೆಂಬರಿನಲ್ಲಿ ಜಿಯೊ ಬಂದು ಡೇಟಾ ಅಗ್ಗವಾಯಿತು. ಮೂರು ಸೆಕ್ಷನ್ನಿನ ಇಡೀ ಬ್ಯಾಚು ಒಂದು ಫೋನಿನೊಳಗೆ ಹಿಡಿಯಿತು. ದುಬೈಯಲ್ಲಿರುವವನೂ ಊರಿನಲ್ಲಿ ಅಡಿಕೆ ಸುಲಿಯುವವನೂ ಒಂದೇ ಪಟ್ಟಿಯಲ್ಲಿ ಕಂಡರು. 2018ರಲ್ಲಿ ತಮಿಳಿನ ‘96’ ಬಂತು. 1996ರ ಬ್ಯಾಚಿನ ಸಹಪಾಠಿಗಳು ಸೇರುವ ಆ ಕತೆ ಮರುವರ್ಷ ‘99’ ಆಗಿ ಕನ್ನಡಕ್ಕೂ ಬಂತು. ಬಿಟ್ಟುಹೋದದ್ದು ಒಂದು ರಾತ್ರಿಯ ಮಟ್ಟಿಗಾದರೂ ಮರಳಿ ಸಿಗಬಹುದೆಂಬ ಆಸೆಯನ್ನು ಇಂಥ ಸಿನಿಮಾಗಳು ಬೆಳೆಸಿದವು.

ಬ್ರಿಟನ್ನಿನಲ್ಲಿ ಇದೇ ಆಸೆಯ ಮೇಲೆ ದೊಡ್ಡದೊಂದು ವ್ಯಾಪಾರವೇ ನಿಂತಿತ್ತು. ಹಳೆಯ ಸಹಪಾಠಿಗಳನ್ನು ಹುಡುಕಿಕೊಡುವ ‘ಫ್ರೆಂಡ್ಸ್ ರಿಯುನೈಟೆಡ್’ ಎಂಬ ತಾಣ 2000ದಲ್ಲಿ ಶುರುವಾಯಿತು. 2005ರಲ್ಲಿ ಅಲ್ಲಿನ ಐಟಿವಿ ವಾಹಿನಿ ಅದನ್ನು 12 ಕೋಟಿ ಪೌಂಡಿಗೆ ಕೊಂಡಿತು. ನಾಲ್ಕೇ ವರ್ಷದಲ್ಲಿ ಎರಡೂವರೆ ಕೋಟಿ ಪೌಂಡಿಗೆ ಮಾರಿತು. 2016ರಲ್ಲಿ ತಾಣ ಮುಚ್ಚಿಹೋಯಿತು. ಫೇಸ್‌ಬುಕ್ಕಿನ ಹೊಡೆತ ಇದಕ್ಕೆ ದೊಡ್ಡ ಕಾರಣ, ನಿಜ. ಅದರ ಜೊತೆಗೆ ಇನ್ನೊಂದೂ ಇದೆ. ಹಳೆಯವರನ್ನು ಹುಡುಕುವ ಉತ್ಸಾಹ ಹುಡುಕಿ ಸಿಕ್ಕಿದ ಮೇಲೆ ಉಳಿಯುವುದು ಕಷ್ಟ. ಎಲ್ಲಿದ್ದಾನೆ, ಏನು ಮಾಡುತ್ತಿದ್ದಾನೆ ಎಂಬ ಕುತೂಹಲಕ್ಕೆ ಉತ್ತರ ದೊರೆತೊಡನೆ ಮುಂದಿನ ಮಾತಿಗೆ ಬೇರೇನೋ ಬೇಕಾಗುತ್ತದೆ.

ನಮ್ಮ ಸಮ್ಮಿಲನಗಳಲ್ಲಿ ಆ ‘ಬೇರೇನೋ’ ಹುಟ್ಟುವುದಕ್ಕೆ ಜಾಗವೇ ಇರುವುದಿಲ್ಲ. ಹೆಚ್ಚಿನವು ಸರ್ಕಾರಿ ಸಮಾರಂಭದ ಅಚ್ಚಿನಲ್ಲೇ ನಡೆಯುತ್ತವೆ. ಶಾಲೆಯ ಗೇಟಿಗೆ ಫ್ಲೆಕ್ಸು, ಅದರಲ್ಲಿ ಸಂಘಟಕರ ಫೋಟೊ. ವೇದಿಕೆ, ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ ನುಡಿ, ದೀಪ ಬೆಳಗುವುದು. ತೀರಿಕೊಂಡ ಗೆಳೆಯರಿಗೆ ಒಂದು ನಿಮಿಷ ಮೌನ. ಗುರುವಂದನೆ: ಒಬ್ಬೊಬ್ಬ ಮೇಷ್ಟ್ರಿಗೂ ಶಾಲು, ಹಾರ, ಮೈಸೂರು ಪೇಟ, ಫಲತಾಂಬೂಲ, ಸ್ಮರಣಿಕೆ. ಆಮೇಲೆ ಒಬ್ಬೊಬ್ಬರದೂ ಭಾಷಣ. ಹತ್ತಕ್ಕೆಂದು ಹೇಳಿದ್ದು ಹನ್ನೊಂದೂವರೆಗೆ ಶುರುವಾಗಿ, ಎರಡೂವರೆಗೆ ಊಟ. ಹೋಳಿಗೆಯ ಊಟ ಮುಗಿಯುವ ಹೊತ್ತಿಗೆ ದೂರದ ಊರಿನವರು ಬಸ್ಸಿನ ವೇಳೆ ನೋಡಿಕೊಳ್ಳುತ್ತಿರುತ್ತಾರೆ. ಗ್ರೂಪ್ ಫೋಟೊಗೆ ನಿಲ್ಲಿಸುವುದರಲ್ಲಿ ಅರ್ಧ ಗಂಟೆ. ಮೂವತ್ತು ವರ್ಷದ ಮೇಲೆ ಭೇಟಿಯಾದವರು ಅಷ್ಟು ಹೊತ್ತೂ ಒಬ್ಬರ ಮುಖ ಒಬ್ಬರು ನೋಡದೆ ವೇದಿಕೆಯತ್ತ ಮುಖ ಮಾಡಿ ಕುಳಿತಿರುತ್ತಾರೆ.

ಈ ನಡುವೆ ಒಂದು ಕಲಾಪ ಬರುತ್ತದೆ. ಅದು ಅತಿ ಸಹಜವೆಂದು ಎಲ್ಲರೂ ತಿಳಿದಿದ್ದಾರೆ, ಆದರೆ ನೋವಿನ ಬಹುಪಾಲು ಹುಟ್ಟುವುದು ಅಲ್ಲೇ. ಅದು ‘ಪರಿಚಯ’. ಮೈಕು ಕೈಯಿಂದ ಕೈಗೆ ಬರುತ್ತದೆ. ಹೆಸರು, ಕೆಲಸ, ಊರು, ಹೆಂಡತಿ ಅಥವಾ ಗಂಡ ಏನು ಮಾಡುತ್ತಾರೆ, ಮಕ್ಕಳು ಏನು ಓದುತ್ತಿದ್ದಾರೆ. ಬ್ಯಾಂಕ್ ಮ್ಯಾನೇಜರ್, ಎಂಜಿನಿಯರ್, ತಹಶೀಲ್ದಾರ್ ಎಂದು ಹೇಳುವವರಿಗೆ ಚಪ್ಪಾಳೆ ಬೀಳುತ್ತದೆ. ಮಗಳು ಎಂಬಿಬಿಎಸ್ ಎಂದರೆ ಇನ್ನಷ್ಟು ಜೋರು. ಆಮೇಲೆ ಮೈಕು, ಎರಡು ಬಾರಿ ಅಂಗಡಿ ಇಟ್ಟು ಮುಚ್ಚಿದವನ ಕೈಗೆ, ಮದುವೆಯಾಗದೆ ಉಳಿದವಳ ಕೈಗೆ, ಮಗನನ್ನು ಕಳೆದುಕೊಂಡವರ ಕೈಗೆ ಬರುತ್ತದೆ. ಅವರು ಹೆಸರು ಹೇಳಿ, ಹೀಗೇ ಇದ್ದೀನಿ ಎಂದು ಮೈಕು ದಾಟಿಸುತ್ತಾರೆ. ಚಪ್ಪಾಳೆ ಅವರಿಗೂ ಬೀಳುತ್ತದೆ, ಆದರೆ ಆ ಚಪ್ಪಾಳೆಯ ಸದ್ದಿನ ವ್ಯತ್ಯಾಸ ಅಲ್ಲಿರುವ ಎಲ್ಲರಿಗೂ ಕೇಳಿಸುತ್ತದೆ. ‘ಏನೋ ಮಾಡ್ತಿದೀಯ ಈಗ?’ ಎಂಬ ಪ್ರಶ್ನೆಯನ್ನು ಮರದ ನೆರಳಲ್ಲಿ ಒಬ್ಬ ಗೆಳೆಯ ಕೇಳಿದರೆ ಅದು ಅಕ್ಕರೆ. ಅದನ್ನೇ ನೂರು ಜನರ ಎದುರು ಮೈಕಿನಲ್ಲಿ ಕೇಳಿದರೆ ಅದು ವಿಚಾರಣೆ.

ಅಮೆರಿಕದಲ್ಲಿ ಹೈಸ್ಕೂಲು ಸಮ್ಮಿಲನಗಳು ಬಹಳ ಹಿಂದಿನಿಂದ ಇವೆ. ಅವುಗಳ ಮೇಲೆ ಗಂಭೀರ ಅಧ್ಯಯನಗಳೂ ನಡೆದಿವೆ. ಇಸ್ರೇಲಿನ ಸಮಾಜಶಾಸ್ತ್ರಜ್ಞೆ ವೆರೆಡ್ ವಿನಿಟ್ಸ್ಕಿ-ಸೆರೂಸಿ ಇಂಥ ಸಮ್ಮಿಲನಗಳನ್ನು ಕುರಿತು 1998ರಲ್ಲಿ ಒಂದು ಪುಸ್ತಕ ಬರೆದರು. ಮನುಷ್ಯ ತನ್ನ ಬದುಕಿನ ಕತೆಯನ್ನು ತಾನೇ ಹೇಳಿ ಒಪ್ಪಿಸಬೇಕಾಗಿ ಬರುವ ಸಂದರ್ಭವೆಂದು ಅವರು ಇದನ್ನು ನೋಡಿದರು. ಕೆಲಸದ ಸಂದರ್ಶನದಲ್ಲೂ ನಮ್ಮ ಕತೆ ಹೇಳುತ್ತೇವೆ, ಆದರೆ ಅಲ್ಲಿ ಎದುರು ಕುಳಿತವರಿಗೆ ನಮ್ಮ ಹಿಂದಿನದು ಗೊತ್ತಿರುವುದಿಲ್ಲ. ಸಹಪಾಠಿಗಳಿಗೆ ಗೊತ್ತಿದೆ. ಹದಿನೈದರಲ್ಲಿ ಏನಾಗುತ್ತೇನೆಂದು ಹೇಳಿಕೊಂಡಿದ್ದೆವೋ ಅದಕ್ಕೆ ಅವರು ಸಾಕ್ಷಿ. ಎಲ್ಲರೂ ಒಂದೇ ವಯಸ್ಸಿನವರಾದ್ದರಿಂದ ಕಾಲ ಸಾಲಲಿಲ್ಲ ಎಂಬ ಸಮಾಧಾನವೂ ಇಲ್ಲ. ಸಮ್ಮಿಲನದ ದಿನ ಹತ್ತಿರ ಬಂದಂತೆ ತೂಕ ಇಳಿಸುವವರು, ತಲೆಗೆ ಬಣ್ಣ ಹಚ್ಚುವವರು, ಬಾಡಿಗೆಗೆ ಕಾರು ತರುವವರು ಇರುವುದಕ್ಕೆ ಕಾರಣ ಇದೇ. ಇದನ್ನು ಬರಿಯ ಜಂಬ ಎನ್ನುವುದು ಅನ್ಯಾಯ. ಅದರಲ್ಲಿ ಭಯವೇ ಹೆಚ್ಚು.

ಸಹಪಾಠಿಗಳ ಭೇಟಿ ಕೆಟ್ಟರೆ ಎಷ್ಟು ಕೆಡಬಹುದೆಂಬುದಕ್ಕೆ ನಮ್ಮ ಕಾವ್ಯಪರಂಪರೆಯಲ್ಲಿ ದೊಡ್ಡ ಉದಾಹರಣೆಯೇ ಇದೆ. ದ್ರೋಣ, ದ್ರುಪದರು ಭರದ್ವಾಜರ ಆಶ್ರಮದಲ್ಲಿ ಒಟ್ಟಿಗೆ ಕಲಿತವರು. ಬಾಲ್ಯದ ಸಲುಗೆಯಲ್ಲಿ ದ್ರುಪದ, ತಾನು ರಾಜನಾದರೆ ಅದೆಲ್ಲ ನಿನ್ನದೂ ಹೌದು ಎಂದಿದ್ದ. ವರ್ಷಗಳ ಮೇಲೆ ದ್ರೋಣನ ಮನೆಯಲ್ಲಿ ಮಗು ಅಶ್ವತ್ಥಾಮನಿಗೆ ಹಾಲಿಲ್ಲ. ಜೊತೆಯ ಹುಡುಗರು ಹಿಟ್ಟು ಕದಡಿದ ನೀರನ್ನೇ ಹಾಲೆಂದು ಕುಡಿಸಿ ನಕ್ಕರು. ಆಗ ದ್ರೋಣ ಹಳೆಯ ಗೆಳೆಯನನ್ನು ಹುಡುಕಿಕೊಂಡು ಪಾಂಚಾಲಕ್ಕೆ ಹೋದ. ದ್ರುಪದ ಅಂದದ್ದು, ಸಮಾನರಲ್ಲಿ ಮಾತ್ರ ಸ್ನೇಹ ಎಂದು. ಹತ್ತನೇ ಶತಮಾನದಲ್ಲಿ ಪಂಪ ಈ ಪ್ರಸಂಗವನ್ನು ಕನ್ನಡಕ್ಕೆ ತಂದಾಗ ಸಿರಿಯ ಸೊಕ್ಕಿಗೆ ಹಳೆಯ ಗೆಳೆಯನ ಗುರುತೇ ಹತ್ತದಿರುವುದನ್ನು ಎದೆಗೆ ನಾಟುವಂತೆ ಬರೆದ. ಅದರಿಂದ ಮುಂದೆ ಏನೆಲ್ಲ ಆಯಿತು: ಶಿಷ್ಯರ ಕೈಯಲ್ಲಿ ದ್ರುಪದನನ್ನು ಕಟ್ಟಿ ತರಿಸಿದ್ದು, ಅರ್ಧ ರಾಜ್ಯ ಕಿತ್ತುಕೊಂಡದ್ದು, ಆ ಸೇಡಿಗೆ ಯಜ್ಞದಲ್ಲಿ ಧೃಷ್ಟದ್ಯುಮ್ನ ಹುಟ್ಟಿದ್ದು, ಕುರುಕ್ಷೇತ್ರದಲ್ಲಿ ಅವನೇ ದ್ರೋಣನ ತಲೆ ತೆಗೆದದ್ದು.

ಇದರ ಪಕ್ಕದಲ್ಲಿ ಕುಚೇಲನ ಕತೆ ಇಡಬೇಕು. ಅವನೂ ಸಾಂದೀಪನಿಯ ಆಶ್ರಮದಲ್ಲಿ ಕೃಷ್ಣನ ಸಹಪಾಠಿ. ಅವನೂ ಬಡವ. ನೆರೆಮನೆಗಳಿಂದ ಬೇಡಿ ತಂದ ನಾಲ್ಕು ಹಿಡಿ ಅವಲಕ್ಕಿ ಕಟ್ಟಿಕೊಂಡು, ಹೆಂಡತಿಯ ಒತ್ತಾಯಕ್ಕೆ ದ್ವಾರಕೆಗೆ ಹೋದವನು. ಕೃಷ್ಣ ಅವಲಕ್ಕಿ ತಿಂದದ್ದು ಎಲ್ಲರಿಗೂ ನೆನಪಿದೆ. ಅದಕ್ಕೆ ಮುಂಚೆ ಅವರಿಬ್ಬರ ನಡುವೆ ನಡೆದ ಮಾತು ಅಷ್ಟಾಗಿ ನೆನಪಿಲ್ಲ. ಗುರುಪತ್ನಿ ಸೌದೆಗೆಂದು ಕಾಡಿಗೆ ಕಳಿಸಿದ್ದು, ಮಳೆಗಾಳಿಗೆ ಸಿಕ್ಕಿ ದಾರಿ ತಪ್ಪಿದ್ದು, ರಾತ್ರಿಯಿಡೀ ಒಬ್ಬರ ಕೈ ಒಬ್ಬರು ಹಿಡಿದುಕೊಂಡು ಕಾಡಿನಲ್ಲಿ ಅಲೆದದ್ದು, ಬೆಳಿಗ್ಗೆ ಗುರು ಹುಡುಕಿಕೊಂಡು ಬಂದದ್ದು. ಭಾಗವತದಲ್ಲಿ ಕೃಷ್ಣ ಗೆಳೆಯನ ಕಾಲು ತೊಳೆದು, ಉಪಚರಿಸಿ, ಈ ಮಾತನ್ನೆಲ್ಲ ತೆಗೆಯುತ್ತಾನೆ. ಕೆಲಸವೇನು, ಸಂಪಾದನೆ ಎಷ್ಟು ಎಂಬ ವಿಚಾರಣೆ ಅಲ್ಲಿಲ್ಲ. ಇಬ್ಬರೂ ಸಮಾನರಾಗಿದ್ದ ಒಂದು ರಾತ್ರಿಗೆ ಅವನು ಮಾತನ್ನು ಒಯ್ಯುತ್ತಾನೆ.

ನಮ್ಮ ಬ್ಯಾಚುಗಳ ಕಷ್ಟ ಎಲ್ಲಿದೆಯೆಂದರೆ, ಶಾಲೆಯಲ್ಲೂ ಎಲ್ಲರೂ ಸಮಾನರಾಗಿ ಇರಲಿಲ್ಲ. ವೇದಿಕೆಯ ಮೇಲೆ ಪ್ರತಿಯೊಬ್ಬರೂ ಬುತ್ತಿ ಹಂಚಿಕೊಂಡು ತಿಂದ ದಿನಗಳನ್ನು ನೆನೆಯುತ್ತಾರೆ. ಬುತ್ತಿಯೇ ತರದವರು ಪ್ರತಿ ಕ್ಲಾಸಿನಲ್ಲೂ ಇದ್ದರು. ರಾಜ್ಯದಲ್ಲಿ ಅಕ್ಷರ ದಾಸೋಹದ ಬಿಸಿಯೂಟ ಶುರುವಾದದ್ದು 2002ರಲ್ಲಿ, ಅದೂ ಮೊದಲು ಪ್ರಾಥಮಿಕ ಶಾಲೆಯ ಮಕ್ಕಳಿಗೆ. ಪ್ರೌಢಶಾಲೆಗೆ ಮುಟ್ಟಿದ್ದು ಇನ್ನೂ ಕೆಲವು ವರ್ಷಗಳ ಮೇಲೆ. ಈಗ ಬೆಳ್ಳಿಹಬ್ಬ ಆಚರಿಸುತ್ತಿರುವ ಬ್ಯಾಚುಗಳೆಲ್ಲ ಅದಕ್ಕೆ ಹಿಂದಿನವು. ಮಧ್ಯಾಹ್ನದ ಗಂಟೆ ಹೊಡೆದಾಗ ಬೋರ್‌ವೆಲ್ ಹತ್ತಿರ ಹೋಗಿ ನೀರು ಕುಡಿದು ಕಾಲ ಕಳೆದವರಿಗೆ ಆ ಬುತ್ತಿಯ ಭಾಷಣ ಹೇಗೆ ಕೇಳಿಸಬೇಕು? ಬುತ್ತಿ ಹಂಚಿಕೊಳ್ಳುವುದರಲ್ಲೂ ಯಾರ ಡಬ್ಬಿಗೆ ಯಾರು ಕೈ ಹಾಕಬಹುದೆಂಬುದು ಜಾತಿಯ ಮೇಲೆ ನಿಂತಿತ್ತು. ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ ಓದಿದವರಿಗೆ ಒಂದೇ ಶಾಲೆಯ ಒಳಗೆ ಎಷ್ಟು ಶಾಲೆಗಳಿರುತ್ತವೆಂದು ಬಿಡಿಸಿ ಹೇಳಬೇಕಿಲ್ಲ. ಮುಂದಿನ ಬೆಂಚಿನವರಿಗೆ ಸ್ವರ್ಗದಂತಿದ್ದ ವರ್ಷಗಳು ಹಿಂದಿನ ಬೆಂಚಿನ ಮೂಲೆಯವರಿಗೆ ದಿನ ಎಣಿಸುವ ವರ್ಷಗಳಾಗಿದ್ದವು. ಸಮ್ಮಿಲನವನ್ನು ಸಂಘಟಿಸುವವರು ಹೆಚ್ಚಾಗಿ ಮೊದಲನೆಯವರು. ಆ ವರ್ಷಗಳ ಮೇಲೆ ಪ್ರೀತಿ ಇರುವುದರಿಂದಲೇ ಅವರು ಅಷ್ಟೊಂದು ಓಡಾಡುತ್ತಾರೆ, ಕೈಯಿಂದ ಹಣ ಹಾಕುತ್ತಾರೆ. ಆ ಪ್ರೀತಿ ಎಲ್ಲರದೂ ಹೌದೆಂದು ಅವರು ನಂಬಿರುವಲ್ಲಿ ತೊಡಕಿದೆ.

ಅಡ್ಡಹೆಸರುಗಳದ್ದೂ ಇದೇ ಕತೆ. ಬಣ್ಣ, ಮೈಕಟ್ಟು, ಉಗ್ಗು, ಅಪ್ಪನ ಕಸುಬು, ಇವುಗಳಿಂದ ಹುಟ್ಟಿದ ಹೆಸರುಗಳನ್ನು ಕೂಗಿ ಕರೆಯುವುದು ಸಲುಗೆಯ ಗುರುತೆಂದು ಕರೆಯುವವರು ಭಾವಿಸುತ್ತಾರೆ. ನಲವತ್ತೈದು ದಾಟಿದ ಮನುಷ್ಯ ಮಗಳನ್ನು ಕರೆದುಕೊಂಡು ಬಂದಿರುತ್ತಾನೆ. ಗೇಟು ದಾಟುತ್ತಲೇ ಆ ಹೆಸರು ಕಿವಿಗೆ ಬೀಳುತ್ತದೆ. ಅವನು ನಗುತ್ತಾನೆ. ಮುಂದಿನ ವರ್ಷ ಬರುವುದಿಲ್ಲ. ಯಾಕೆ ಬರಲಿಲ್ಲವೆಂದು ಗ್ರೂಪಿನಲ್ಲಿ ಯಾರೂ ಕೇಳುವುದೂ ಇಲ್ಲ.

ಗುರುವಂದನೆಯ ಹೊತ್ತಿನಲ್ಲಿ ತಪ್ಪದೆ ಬರುವ ಮಾತೊಂದಿದೆ: ಅವತ್ತು ಮೇಷ್ಟ್ರು ಹೊಡೆದಿದ್ದಕ್ಕೇ ಇವತ್ತು ನಾವು ಮನುಷ್ಯರಾಗಿದ್ದೇವೆ. ಮೇಷ್ಟ್ರು ಕಣ್ಣು ಒರೆಸಿಕೊಳ್ಳುತ್ತಾರೆ. ಅದು ನಿಜವಾದ ಕಣ್ಣೀರೇ, ಅಲ್ಲಿಯ ಗೌರವವೂ ನಿಜ. ಆದರೆ ಏಟಿಗೆ ಹೆದರಿ ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟವನು ಆ ಸಭೆಯಲ್ಲಿ ಇಲ್ಲ. ಅವನು ಯಾವ ಬ್ಯಾಚಿಗೂ ಸೇರಿದವನಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ಮಕ್ಕಳನ್ನು ಹೊಡೆಯುವುದನ್ನು ನಿಷೇಧಿಸಿತು. ಶಾಲೆ ಬಿಟ್ಟ ಮಕ್ಕಳ ಕಡೆಯಿಂದ ನೋಡಿದರೆ ಆ ಕಾಯ್ದೆ ಬಹಳ ತಡವಾಗಿ ಬಂತು.

ಹುಡುಗಿಯರನ್ನು ಹುಡುಕುವುದೇ ಒಂದು ಸಾಹಸ. ಮದುವೆಯಾಗಿ ಊರು ಬದಲಾಗಿರುತ್ತದೆ, ಇನಿಷಿಯಲ್ ಬದಲಾಗಿರುತ್ತದೆ, ಕೆಲವೆಡೆ ಹೆಸರೇ ಬದಲಾಗಿರುತ್ತದೆ. ತವರಿನ ಅಣ್ಣನನ್ನು ಹಿಡಿದು ನಂಬರ್ ಪಡೆಯಬೇಕು. ಆ ನಂಬರು ಕೆಲವೊಮ್ಮೆ ಗಂಡನದು. ಸಹಪಾಠಿ ಎಂದು ಒಬ್ಬ ಗಂಡಸು ಫೋನ್ ಮಾಡಿದರೆ ಆ ಮನೆಯಲ್ಲಿ ಅವಳು ಎಷ್ಟು ಉತ್ತರ ಕೊಡಬೇಕಾದೀತೆಂದು ಫೋನ್ ಮಾಡಿದವನಿಗೆ ತಿಳಿಯದು. ಇಷ್ಟೆಲ್ಲ ದಾಟಿ ಬಂದವಳಿಗೆ ಸಿಗುವುದೇನು? ಬಂದ ಕೂಡಲೆ ಪ್ರಾರ್ಥನೆ ಹಾಡಲು, ಆರತಿ ಹಿಡಿಯಲು, ಊಟಕ್ಕೆ ಬಡಿಸಲು ಕರೆ. ನಾಲ್ಕು ಗಂಟೆಗೆ ಹೆಂಗಸರು ಹೊರಡುತ್ತಾರೆ, ಗಂಡಸರು ಹೋಮ್‌ಸ್ಟೇಗೆ ಹೋಗುತ್ತಾರೆ, ನಿಜವಾದ ಮಾತು ಅಲ್ಲಿ ಶುರುವಾಗುತ್ತದೆ. ಒಂದೇ ದಿನ ಎರಡು ಸಮ್ಮಿಲನ ನಡೆದಿರುತ್ತವೆ. ಆ ಎರಡನೆಯದಕ್ಕೆ ಅವಳಿಗೆ ಆಹ್ವಾನವಿಲ್ಲ, ಮರುದಿನ ಗ್ರೂಪಿನಲ್ಲಿ ಅದರ ಫೋಟೊಗಳನ್ನು ಮಾತ್ರ ಅವಳು ನೋಡುತ್ತಾಳೆ.

ನೆನಪಿನ ಸ್ವಭಾವವೂ ಈ ನಿರಾಸೆಗೆ ಕೈ ಜೋಡಿಸುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಹ್ಯಾರಿ ಬಾರಿಕ್ ಮತ್ತು ಸಂಗಡಿಗರು 1975ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇಂದಿಗೂ ಪ್ರಸಿದ್ಧ. ಹೈಸ್ಕೂಲು ಮುಗಿಸಿದ 392 ಜನರಿಗೆ ಅವರ ಶಾಲೆಯ ವಾರ್ಷಿಕ ಪುಸ್ತಕದ ಫೋಟೊ ತೋರಿಸಿ ಪರೀಕ್ಷಿಸಿದರು. ಮೂವತ್ತು ವರ್ಷ ಕಳೆದವರೂ ಹತ್ತರಲ್ಲಿ ಸುಮಾರು ಒಂಬತ್ತು ಮುಖಗಳನ್ನು ಸಹಪಾಠಿಯದೆಂದು ಗುರುತಿಸಿದರು. ಫೋಟೊದ ಸಹಾಯವಿಲ್ಲದೆ ಹೆಸರು ಹೇಳಿ ಎಂದಾಗ ಮಾತ್ರ ತಡವರಿಸಿದರು. ಬೆರಗಾಗುವ ಶಕ್ತಿಯಿದು. ಆದರೆ ಅವರು ಗುರುತಿಸಿದ್ದು ಹದಿಹರೆಯದ ಮುಖವನ್ನು. ನಮ್ಮೊಳಗೆ ಇಷ್ಟು ವರ್ಷ ಕೆಡದೆ ಉಳಿದಿರುವುದು ಆ ಮುಖ, ಆ ದನಿ. ಎದುರಿಗೆ ನಿಂತಿರುವುದು ಸಕ್ಕರೆ ಕಾಯಿಲೆಯ, ಸಾಲದ ಕಂತಿನ, ವಯಸ್ಸಾದ ಅಪ್ಪ-ಅಮ್ಮನ ಚಿಂತೆಯ ಇನ್ನೊಬ್ಬ ಮನುಷ್ಯ. ಅವನ ಪರಿಚಯ ನಮಗಿಲ್ಲ. ಹಳೆಯ ಮುಖಕ್ಕಾಗಿ ಅವನಲ್ಲಿ ಹುಡುಕುತ್ತಾ ಹೋದಷ್ಟೂ ಈಗಿನವನು ಕಾಣದೆ ಹೋಗುತ್ತಾನೆ. ಅವನಿಗೂ ನಮ್ಮ ಬಗ್ಗೆ ಹಾಗೆಯೇ ಆಗುತ್ತಿರುತ್ತದೆ.

ಸ್ನೇಹಕ್ಕೆ ಎಷ್ಟು ಹೊತ್ತು ಬೇಕು ಎಂದು ಕನ್ಸಾಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ ಲೆಕ್ಕ ಹಾಕಿದ್ದಾರೆ. ಪರಿಚಯ ಗೆಳೆತನದ ಮೊದಲ ಮೆಟ್ಟಿಲೇರಲು ಸುಮಾರು 50 ಗಂಟೆ, ಆಪ್ತತೆಗೆ 200 ಗಂಟೆಗೂ ಹೆಚ್ಚು ಒಡನಾಟ ಬೇಕೆಂದು 2018ರ ಅವರ ಅಧ್ಯಯನ ಹೇಳುತ್ತದೆ. ವರ್ಷಕ್ಕೆ ಇನ್ನೂರು ದಿನ, ದಿನಕ್ಕೆ ಐದು ಗಂಟೆ ಎಂದುಕೊಂಡರೂ ಹೈಸ್ಕೂಲಿನ ಮೂರು ವರ್ಷಕ್ಕೆ 3,000 ಗಂಟೆಯಾಯಿತು. ಏನೂ ಮಾಡದೆ, ಯಾವ ಉದ್ದೇಶವೂ ಇಲ್ಲದೆ, ಜೊತೆಗೆ ನಡೆದು ಹೋಗಿ ಬಂದು ಕಳೆದ ಹೊತ್ತದು. ಅಂಥದ್ದನ್ನು ಐದು ಗಂಟೆಯ ಕಾರ್ಯಕ್ರಮ, ಅದರಲ್ಲೂ ಮೂರು ಗಂಟೆ ಭಾಷಣ, ಮರಳಿ ತರಲಾರದು. ಹೊತ್ತು ಕಡಿಮೆಯಿದ್ದಾಗ ಮಾತು ತಾನಾಗಿ ಸಿದ್ಧ ವಿಷಯಗಳತ್ತ ಹೊರಳುತ್ತದೆ: ಸೈಟಿನ ರೇಟು, ಮಕ್ಕಳ ಸೀಟು. ಆಮೇಲೆ ಒಬ್ಬ ಮೆಲ್ಲಗೆ ವಿಮೆಯ ಪಾಲಿಸಿಯನ್ನೋ ಚೀಟಿಯನ್ನೋ ಮಾತಿಗೆ ತರುತ್ತಾನೆ. ಅವನ ಕಷ್ಟ ಅವನಿಗೆ. ಆದರೆ ಗೆಳೆಯನೆಂದು ತಬ್ಬಿಕೊಂಡವರಿಗೆ ತಾವು ಗಿರಾಕಿಯೆಂದು ಗೊತ್ತಾದ ಕ್ಷಣ ಸಣ್ಣದಲ್ಲ.

ಹಾಗಾದರೆ ಸೇರಲೇಬಾರದೆ? ಸೇರಬೇಕು. ಶಾಲೆಗೆ ಬೆಂಚು, ನೀರಿನ ಫಿಲ್ಟರು, ಗೋಡೆಗೆ ಬಣ್ಣ ಬಂದದ್ದು ಎಷ್ಟೋ ಕಡೆ ಇಂಥ ಬ್ಯಾಚುಗಳಿಂದಲೇ. ಯಾರದೋ ಆಪರೇಷನ್ನಿಗೆ ಒಂದೇ ರಾತ್ರಿಯಲ್ಲಿ ಹಣ ಕೂಡಿಸಿದ ಗ್ರೂಪುಗಳಿವೆ. ಬದಲಾಗಬೇಕಾದದ್ದು ದಿನದ ಅಚ್ಚು. ಮೇಷ್ಟ್ರುಗಳನ್ನು ವೇದಿಕೆಗೆ ಏರಿಸುವ ಬದಲು ನಾಲ್ಕೈದು ಜನ ಸೇರಿ ಅವರವರ ಮನೆಗೇ ಹೋಗಿ ಒಂದು ಮಧ್ಯಾಹ್ನ ಕುಳಿತು ಬರಬಹುದು. ಮೈಕನ್ನು ತೆಗೆದಿಡಬಹುದು. ಪರಿಚಯದ ಸರದಿ ಕೈಬಿಟ್ಟರೆ ಎರಡು ಗಂಟೆ ಉಳಿಯುತ್ತದೆ, ಕೆಲವರ ಮಾನವೂ ಉಳಿಯುತ್ತದೆ. ವಂತಿಗೆಯನ್ನು ಎಲ್ಲರಿಗೂ ಒಂದೇ ಎಂದು ಗ್ರೂಪಿನಲ್ಲಿ ಹಾಕಿ, ಕೊಟ್ಟವರ ಹೆಸರಿನ ಮುಂದೆ ಟಿಕ್ ಹಾಕುತ್ತಾ ಹೋಗುವುದನ್ನು ಮೊದಲು ನಿಲ್ಲಿಸಬೇಕು. ಟಿಕ್ ಬೀಳದ ಹೆಸರುಗಳು ತಾವಾಗಿ ಗ್ರೂಪು ಬಿಡುವುದು ಆ ಪಟ್ಟಿ ನೋಡಿಯೇ. ಹೆಂಗಸರಿಗೆ ಸಂಜೆ ಆರರ ಬಸ್ಸು ಮುಖ್ಯವಾದರೆ ದಿನ ಬೆಳಿಗ್ಗೆ ಎಂಟಕ್ಕೆ ಶುರುವಾಗಲಿ, ಮಾತು ಊಟಕ್ಕೆ ಮುಂಚೆಯೇ ನಡೆಯಲಿ, ಹೋಮ್‌ಸ್ಟೇಗೆ ಕಾಯದಿರಲಿ.

ಇದಕ್ಕಿಂತ ಕಷ್ಟವಾದ ಕೆಲಸ ಸಮ್ಮಿಲನದ ಹೊರಗಿದೆ. ಕೆನಡಾದ ಲಾರಾ ಆಕ್ನಿನ್ ಮತ್ತು ಬ್ರಿಟನ್ನಿನ ಗಿಲಿಯನ್ ಸ್ಯಾಂಡ್‌ಸ್ಟ್ರಾಮ್ 2024ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಂಪರ್ಕ ತಪ್ಪಿದ ಹಳೆಯ ಗೆಳೆಯರೊಬ್ಬರಿಗೆ ಸಂದೇಶ ಬರೆಯಲು ಜನರಿಗೆ ಸಮಯ ಕೊಟ್ಟರು. ಅವರ ಕೈಯಲ್ಲಿ ನಂಬರ್ ಇತ್ತು, ಕಳಿಸುವ ಮನಸ್ಸಿತ್ತು, ಆ ಕಡೆಯವರಿಗೆ ಸಂತೋಷವಾಗುತ್ತದೆಂಬ ನಂಬಿಕೆಯೂ ಇತ್ತು. ಆದರೂ ಮೂವರಲ್ಲಿ ಒಬ್ಬರಷ್ಟೂ ಕಳಿಸಲಿಲ್ಲ. ಅಪರಿಚಿತರ ಜೊತೆ ಮಾತಾಡಲು ಎಷ್ಟು ಹಿಂಜರಿಯುತ್ತಾರೋ ಹಳೆಯ ಗೆಳೆಯರ ಜೊತೆ ಮಾತಾಡಲೂ ಅಷ್ಟೇ ಹಿಂಜರಿದರು. ಇನ್ನೊಂದು ಪ್ರಯೋಗದಲ್ಲಿ ಮೊದಲು ಕೆಲವು ನಿಮಿಷ ಈಗಿನ ಗೆಳೆಯರಿಗೆ ಸಂದೇಶ ಕಳಿಸಿ ಕೈ ಪಳಗಿಸಿಕೊಳ್ಳಲು ಬಿಟ್ಟರು. ಹಾಗೆ ಮಾಡಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಹಳೆಯ ಗೆಳೆಯರಿಗೂ ಬರೆದರು. ನೂರು ಜನರ ಗ್ರೂಪಿನಲ್ಲಿ ಈ ಹಿಂಜರಿಕೆ ಮರೆಯಾಗಿರುತ್ತದೆ. ಅಲ್ಲಿ ಒಂದು ನಮಸ್ಕಾರದ ಚಿಹ್ನೆ ಹಾಕಿದರೆ ನೂರು ಜನರನ್ನೂ ಮಾತಾಡಿಸಿದಂತೆ ಅನ್ನಿಸುತ್ತದೆ. ಹಬ್ಬಕ್ಕೋ ಜಾತ್ರೆಗೋ ಊರಿಗೆ ಹೋದಾಗ ಒಬ್ಬನಿಗೇ ಫೋನ್ ಮಾಡಿ, ಮನೆಗೆ ಬರ್ತೀನಿ ಕಣೋ ಎನ್ನುವುದಕ್ಕೆ ಬೇಕಾದ ಧೈರ್ಯವೇ ಬೇರೆ. ಆ ಮನೆಯಲ್ಲಿ ಗೆಳೆಯನ ತಾಯಿ ಇನ್ನೂ ಇದ್ದರೆ ಮೂವತ್ತು ವರ್ಷದ ಸುದ್ದಿಯನ್ನು ಅವರೇ ಕೇಳುತ್ತಾರೆ, ಅವರೇ ಹೇಳುತ್ತಾರೆ, ಮತ್ತು ಊಟ ಮಾಡದೆ ಯಾರನ್ನೂ ಕಳಿಸುವುದಿಲ್ಲ.